ಸೂಜಿ ಹಾಕಿಸಿದ ರಾತ್ರಿ ಮಗು ಬಿಡದೆ ಅತ್ತರೆ ಏನು ಮಾಡಬೇಕು?

ಪ್ರಶ್ನೆ: ನನ್ನದು ಚೊಚ್ಚಲ ಹೆರಿಗೆ, ಬಾಣಂತನಕ್ಕೆ ತವರಿನಲ್ಲಿದ್ದೇನೆ. ಮಗಳಿಗೆ ಈಗ ಏಳು ವಾರ, ತೂಕ 4 ಕೆಜಿ 200 ಗ್ರಾಂ. ಹೋದ ಗುರುವಾರ ಆಶಾ ಅಕ್ಕ ಬಂದು ಕರೆದರೆಂದು ಅಂಗನವಾಡಿಗೆ ಹೋಗಿ ಒಂದೂವರೆ ತಿಂಗಳ ಸೂಜಿ ಹಾಕಿಸಿದೆವು. ಎರಡೂ ತೊಡೆಗೆ ಒಂದೊಂದು, ಬಲತೋಳಿಗೆ ಒಂದು, ಬಾಯಿಗೆ ಎರಡು ಬಗೆಯ ಹನಿ. ಸಂಜೆ ಸುಮಾರು ಎರಡು ಗಂಟೆ ಮಗು ಬಿಡದೆ ಅತ್ತಳು. ರಾತ್ರಿ 101 ಡಿಗ್ರಿ ಜ್ವರ ಬಂತು. ಸಿಸ್ಟರ್ ಹೇಳಿದ್ದು ಡ್ರಾಪ್ಸ್, ಅಂಗಡಿಯವರು ಕೊಟ್ಟಿದ್ದು ಸಿರಪ್. ಎಷ್ಟು ಹಾಕಬೇಕೆಂದು ತಿಳಿಯದೆ ಕೊಡಲೇ ಇಲ್ಲ. ಮರುದಿನ ಜ್ವರ ಬಿಟ್ಟಿತು, ಆದರೆ ಎಡತೊಡೆಯಲ್ಲಿ ಗಂಟು ಉಳಿದಿದೆ, ಎಡತೋಳಿನಲ್ಲಿ ಕೀವು ತುಂಬಿದ ಗುಳ್ಳೆ ಎದ್ದಿದೆ. ಅಮ್ಮ ಬಿಸಿ ಶಾಖ ಕೊಡೋಣ, ಬಜೆ ತೇಯ್ದು ನೆಕ್ಕಿಸೋಣ ಅನ್ನುತ್ತಾರೆ. ಲಂಡನ್ನಿನಲ್ಲಿರುವ ನಾದಿನಿ, ಅಲ್ಲಿ ಜ್ವರ ಬರುವ ಮೊದಲೇ ಔಷಧಿ ಕೊಡುತ್ತಾರೆ ಅಂದಳು. ಪಕ್ಕದ ಮನೆಯವರು ಪ್ರೈವೇಟ್‌ನಲ್ಲಿ ನೋವಿಲ್ಲದ ಇಂಜೆಕ್ಷನ್ ಹಾಕಿಸಿ ಎಂದರು. ಮುಂದಿನ ಸೂಜಿಯೇ ಬೇಡ ಎಂಬುದು ಅತ್ತೆಯವರ ಮಾತು. ಯಾರ ಮಾತು ಕೇಳಲಿ?
— ತಿಪಟೂರು ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಒಂದೇ ವಾರದಲ್ಲಿ ಸೇರಿಕೊಂಡಿವೆ. ಅದಕ್ಕೇ ಎಲ್ಲ ತಪ್ಪೂ ಗುರುವಾರದ ಸೂಜಿಯ ಮೇಲೆ ಬಿದ್ದಿದೆ. ಅದರ ಪಾಲು ಎಷ್ಟು, ಅದರದ್ದಲ್ಲದ್ದು ಎಷ್ಟು ಎಂದು ಮೊದಲು ಬಿಡಿಸಿಕೊಳ್ಳೋಣ.

ಎಡತೋಳಿನ ಗುಳ್ಳೆಗೂ ಆ ಗುರುವಾರಕ್ಕೂ ಸಂಬಂಧವೇ ಇಲ್ಲ. ಅದು ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ ಬಿಸಿಜಿ ಲಸಿಕೆಯದು, ಕ್ಷಯರೋಗದ ವಿರುದ್ಧ ಕೊಡುವಂಥದ್ದು. ಚುಚ್ಚಿದ ಜಾಗ ಎರಡು ಮೂರು ವಾರ ಸುಮ್ಮನಿರುತ್ತದೆ. ಆಮೇಲೆ ಸಣ್ಣ ಗಂಟೇಳುತ್ತದೆ, ಗುಳ್ಳೆಯಾಗುತ್ತದೆ, ಕೀವು ಒಸರುತ್ತದೆ, ಒಂದೆರಡು ತಿಂಗಳಲ್ಲಿ ತಾನಾಗಿಯೇ ಒಣಗಿ ಕಲೆ ಉಳಿಯುತ್ತದೆ. ನಿಮ್ಮ ತೋಳಿನಲ್ಲೂ ಆ ಕಲೆ ಇರಬಹುದು, ನೋಡಿಕೊಳ್ಳಿ. ಒಂದೂವರೆ ತಿಂಗಳ ಸೂಜಿಯ ಹೊತ್ತಿಗೇ ಇದು ಕೀವಾಗುವುದರಿಂದ ಹೊಸ ಸೂಜಿಯೇ ನಂಜಾಯಿತೆಂದು ಗಾಬರಿಯಾಗಿ ಬರುವ ತಾಯಂದಿರನ್ನು ನಾನು ಆಗಾಗ ನೋಡುತ್ತೇನೆ. ಅದನ್ನು ಹಿಸುಕಬೇಡಿ. ಅರಿಶಿನ, ಮುಲಾಮು, ಪೌಡರ್ ಯಾವುದೂ ಬೇಡ. ಸ್ನಾನದ ನೀರು ತಾಗಿದರೆ ತೊಂದರೆಯಿಲ್ಲ, ಒತ್ತಿ ಒರೆಸದಿದ್ದರೆ ಸಾಕು. ಎಡಗಂಕುಳಿನಲ್ಲಿ ಗಡ್ಡೆ ಕಟ್ಟಿ ದೊಡ್ಡದಾಗುತ್ತಾ ಹೋದರೆ ಮಾತ್ರ ವೈದ್ಯರಿಗೆ ತೋರಿಸಿ.

ತೊಡೆಯ ಗಂಟು ಮಾತ್ರ ಗುರುವಾರದ್ದೇ. ಎಡತೊಡೆಗೆ ಹಾಕಿದ್ದು ಪೆಂಟಾ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮೆದುಳುಜ್ವರ, ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ಸೋಂಕು) ಎಂಬ ಐದು ರೋಗಗಳಿಗೆ ಒಂದೇ ಸೂಜಿ. ಬಲತೊಡೆಯದು ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿನದು ಪೋಲಿಯೊ ಲಸಿಕೆ. ಬಾಯಿಗೆ ಹಾಕಿದ್ದು ಪೋಲಿಯೊ ಹನಿ ಮತ್ತು ಭೇದಿ ತಡೆಯುವ ರೋಟಾ ಹನಿ. ಪೆಂಟಾದಲ್ಲಿ ಅಲ್ಯೂಮಿನಿಯಂ ಲವಣದ ಅಂಶವಿರುತ್ತದೆ. ಲಸಿಕೆ ಒಂದೇ ಸಲ ಕರಗಿ ಹೋಗದೆ ಚುಚ್ಚಿದಲ್ಲೇ ಸ್ವಲ್ಪ ದಿನ ಉಳಿದು ದೇಹದ ರಕ್ಷಣಾ ಕಣಗಳನ್ನು ಅಲ್ಲಿಗೆ ಸೆಳೆಯುವುದಕ್ಕೆ ಅದು ಬೇಕು. ಗಟ್ಟಿ ಗಂಟು ಆಗುವುದು ಇದರಿಂದಲೇ. ಕೆಲವು ಮಕ್ಕಳಲ್ಲಿ ವಾರಗಟ್ಟಲೆ ಕೈಗೆ ಸಿಗುತ್ತದೆ. ಒತ್ತಿದರೆ ಮಗು ಅಳುತ್ತಿಲ್ಲ, ಮೇಲಿನ ಚರ್ಮದ ಬಣ್ಣ ಮಾಮೂಲಾಗಿದೆ ಎಂದಾದರೆ ಅದನ್ನು ಮರೆತುಬಿಡಿ. ಕೆಂಪಾಗಿ, ಬಿಸಿಯಾಗಿ, ದಿನೇ ದಿನೇ ದೊಡ್ಡದಾಗಿ ಒಳಗೆ ಮೆತ್ತಗಾದರೆ ಕೀವುಗಟ್ಟಿರಬಹುದು, ಆಗ ತೋರಿಸಬೇಕು.

ಈಗ ಅಳುವಿನ ವಿಚಾರ. ಪೆಂಟಾದಲ್ಲಿರುವ ನಾಯಿಕೆಮ್ಮಿನ ಭಾಗ, ಸತ್ತ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸಿ ಮಾಡಿದ್ದು. ಸತ್ತಿದ್ದರೂ ಅದರ ಮೈಮೇಲಿನ ಅಂಶಗಳನ್ನು ಮಗುವಿನ ದೇಹ ಶತ್ರುವೆಂದೇ ಗುರುತಿಸುತ್ತದೆ. ಹಾಗೆ ಗುರುತಿಸಲಿ ಎಂದೇ ಹಾಕುವುದು. ಈ ಕೆಲಸ ಶುರುವಾಗಲು ಕೆಲವು ಗಂಟೆ ಬೇಕು. ಅದಕ್ಕೇ ಬೆಳಗ್ಗೆ ಸೂಜಿ ಹಾಕಿಸಿಕೊಂಡ ಮಗು ಮಧ್ಯಾಹ್ನವೆಲ್ಲ ಮಲಗಿದ್ದು ಸಂಜೆ ಕಿರಿಕಿರಿ ಮಾಡುತ್ತದೆ, ರಾತ್ರಿ ಮೈ ಬಿಸಿಯಾಗುತ್ತದೆ. ಸೂಜಿಯ ಚುಚ್ಚು ನೋವು ಐದು ನಿಮಿಷದ್ದು. ಸಂಜೆಯ ಅಳು ಬೇರೆ, ಅದು ತೊಡೆಯ ಊತ ಮತ್ತು ಮೈಕೈ ನೋವಿನದು.

ಇಷ್ಟೇ ಅಲ್ಲ. ಸೂಜಿಯೇ ಹಾಕಿಸದಿದ್ದರೂ ಮಕ್ಕಳು ಅತಿ ಹೆಚ್ಚು ಅಳುವ ವಯಸ್ಸು ಹೆಚ್ಚುಕಡಿಮೆ ಆರು ವಾರ. ಹುಟ್ಟಿದ ಎರಡು ವಾರದಿಂದ ಅಳು ಏರುತ್ತಾ ಬಂದು ಆರು ವಾರದ ಹೊತ್ತಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅದೂ ಸಂಜೆಯ ಹೊತ್ತಿನಲ್ಲೇ ಜಾಸ್ತಿ. ಅಂದರೆ ನಿಮ್ಮ ಮಗಳು ಆ ಸಂಜೆ ಸ್ವಲ್ಪವಾದರೂ ಅಳುತ್ತಲೇ ಇದ್ದಳು. ಸೂಜಿ ಅದನ್ನು ಹೆಚ್ಚು ಮಾಡಿತು. ಈ ಲಸಿಕೆಯ ನಂತರ ಮೂರು ಗಂಟೆಗೂ ಮೀರಿ, ಏನು ಮಾಡಿದರೂ ನಿಲ್ಲದೆ ಅಳುವ ಮಕ್ಕಳು ನೂರಕ್ಕೆ ಒಂದಕ್ಕಿಂತ ಕಡಿಮೆ. ಅಂಥ ಅಳುವೂ ಮುಂದೆ ಯಾವ ಊನವನ್ನೂ ಉಳಿಸುವುದಿಲ್ಲ, ಆದರೂ ಆ ಮಗುವನ್ನು ಒಮ್ಮೆ ವೈದ್ಯರು ನೋಡಬೇಕು.

ಹಾಗಾದರೆ ಸಮಾಧಾನ ಮಾಡುವುದು ಹೇಗೆ? ಔಷಧಿಗಿಂತ ಮೊದಲು ನಿಮ್ಮ ಬಳಿ ಇರುವುದು ಎದೆಹಾಲು ಮತ್ತು ಮಡಿಲು. ಇದು ಬರೀ ಮನಸ್ಸಿಗೆ ಹಿತವಾಗಲೆಂದು ಹೇಳುವ ಮಾತಲ್ಲ. ಚುಚ್ಚುವಾಗ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಕಡಿಮೆ ಹೊತ್ತು ಅಳುತ್ತಾರೆಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವಿನ ಬಗ್ಗೆ ಕೊಟ್ಟ ಸಲಹೆಯಲ್ಲೂ ಇದು ಸೇರಿದೆ. ಮುಂದಿನ ಸಲ ಹೀಗೆ ಮಾಡಿ. ಬಾಯಿಗೆ ಹಾಕುವ ಹನಿಗಳನ್ನು ಮೊದಲು ಹಾಕಿಬಿಡಲು ಸಿಸ್ಟರ್‌ಗೆ ಹೇಳಿ. ಆಮೇಲೆ ಗೋಡೆಗೆ ಒರಗಿ ಕೂತು, ಸೆರಗು ಮುಚ್ಚಿಕೊಂಡು ಹಾಲು ಕುಡಿಸಲು ಶುರುಮಾಡಿ. ಮಗು ಸರಿಯಾಗಿ ಹಿಡಿದು ನುಂಗತೊಡಗಿದ ಮೇಲೆ ತೊಡೆ ತೋರಿಸಿ. ಚುಚ್ಚಿದಾಗ ಬಾಯಿ ಬಿಟ್ಟು ಒಮ್ಮೆ ಕಿರುಚುತ್ತದೆ, ಮತ್ತೆ ಎದೆಗೆ ಹಾಕಿಕೊಳ್ಳಿ. ಹಾಲು ನೆತ್ತಿಗೇರುತ್ತದೆಂದು ಕೆಲವರು ಹೆದರಿಸುತ್ತಾರೆ. ಎದೆಹಾಲು ಕುಡಿಯುವಾಗ ಸೂಜಿ ಹಾಕಿಸಿಕೊಂಡ ಮಕ್ಕಳಲ್ಲಿ ಅಂಥ ತೊಂದರೆ ಕಂಡಿಲ್ಲ. ಪೋಲಿಯೊ ಹನಿ ಹಾಕಿದ ಮೇಲೆ ಅರ್ಧ ಗಂಟೆ ಹಾಲು ಕೊಡಬಾರದೆಂಬ ಮಾತು ಇನ್ನೂ ಹಳ್ಳಿಗಳಲ್ಲಿ ಓಡಾಡುತ್ತಿದೆ. ಅಂಥ ನಿಯಮವಿಲ್ಲ, ತಕ್ಷಣ ಕುಡಿಸಬಹುದು.

ಅಂಗನವಾಡಿಯಲ್ಲಿ ಇಪ್ಪತ್ತು ತಾಯಂದಿರು ಕಾಯುತ್ತಿರುವಾಗ ಇಷ್ಟೆಲ್ಲ ಆಗುತ್ತದೆಯೇ ಎಂದು ನೀವು ಕೇಳಬಹುದು. ಒಮ್ಮೊಮ್ಮೆ ಆಗುವುದಿಲ್ಲ. ಆಗ ಕನಿಷ್ಠ ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಕೈಕಾಲು ಅದುಮಿ ಹಿಡಿಯುವುದು ಬೇಡ. ನಿಮ್ಮ ಎದೆಗೆ ಆನಿಸಿ ಕೂರಿಸಿಕೊಳ್ಳಿ, ಒಂದು ಕೈಯಿಂದ ಮೊಣಕಾಲನ್ನಷ್ಟೇ ಹಿಡಿಯಿರಿ. ಚುಚ್ಚಿದ ಕ್ಷಣವೇ ಎತ್ತಿ ಹೆಗಲಿಗೆ ಹಾಕಿಕೊಂಡು ಹಾಲಿಗೆ ಹಾಕಿ. ಸೂಜಿ ತೆಗೆದ ಮೇಲೆ ಆ ಜಾಗವನ್ನು ಹತ್ತಿಯಿಂದ ಒತ್ತಬೇಕು, ಉಜ್ಜಬಾರದು. ಹೊರಡುವ ಮೊದಲು ಅರ್ಧ ಗಂಟೆ ಅಲ್ಲೇ ಕೂರಿ. ತೀವ್ರ ಅಲರ್ಜಿ ಅಪರೂಪ. ಒಂದು ವೇಳೆ ಆದರೆ ಹೆಚ್ಚಾಗಿ ಆ ಅರ್ಧ ಗಂಟೆಯಲ್ಲೇ ಆಗುತ್ತದೆ, ಅದಕ್ಕೆ ಬೇಕಾದ ಔಷಧಿ ಸಿಸ್ಟರ್ ಬಳಿ ಇರುತ್ತದೆ.

ಮನೆಗೆ ಬಂದ ಮೇಲೆ ಒಂದು ಸಣ್ಣ ವಿಷಯಕ್ಕೆ ಗಮನ ಕೊಡಿ. ಮಗುವನ್ನು ಎತ್ತಿಕೊಳ್ಳುವಾಗ ನಮ್ಮ ಬೆರಳು ಹೋಗಿ ಹಿಡಿಯುವುದು ತೊಡೆಯನ್ನೇ, ಸೂಜಿ ಹಾಕಿರುವುದೂ ಅಲ್ಲೇ. ಬಂದವರೆಲ್ಲ ಎತ್ತಿ ಎತ್ತಿ ಮುದ್ದು ಮಾಡಿದರೆ ಮಗು ಮತ್ತೆ ಮತ್ತೆ ಅಳುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಕುಂಡೆಯ ಕೆಳಗೆ ಅಂಗೈ ಕೊಟ್ಟು ಎತ್ತಿ. ಡೈಪರಿನ ಅಂಚು ತೊಡೆಗೆ ಬಿಗಿಯದಂತೆ ನೋಡಿಕೊಳ್ಳಿ, ಎರಡು ದಿನ ಸಡಿಲ ಬಟ್ಟೆ ಸಾಕು. ಎಣ್ಣೆ ಹಚ್ಚುವುದಿದ್ದರೆ ಹಚ್ಚಿ, ತೊಡೆ ತಿಕ್ಕಬೇಡಿ. ಸ್ನಾನಕ್ಕೆ ಅಡ್ಡಿಯಿಲ್ಲ, ಉಗುರುಬೆಚ್ಚಗಿನ ನೀರಿರಲಿ. ತೊಡೆ ಕೆಂಪಾಗಿ ಊದಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಲವು ನಿಮಿಷ ಮೇಲಿಡಿ. ಮಂಜುಗಡ್ಡೆಯನ್ನು ನೇರವಾಗಿ ಇಡಬೇಡಿ.

ಅಂಗಿ ಬಿಚ್ಚಿ ಡೈಪರಿನಲ್ಲಷ್ಟೇ ಬಿಟ್ಟ ಮಗುವನ್ನು ನಿಮ್ಮ ಎದೆಯ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿಕೊಂಡು ಮೇಲೆ ತೆಳು ಬಟ್ಟೆ ಹೊದ್ದುಕೊಳ್ಳಿ. ಅನೇಕ ಮಕ್ಕಳು ಇದೊಂದಕ್ಕೇ ಸುಮ್ಮನಾಗುತ್ತಾರೆ. ನಿಮಗೆ ನಿದ್ದೆ ಎಳೆಯುತ್ತಿದ್ದರೆ ಮಾತ್ರ ಮಗುವನ್ನು ಬೇರೆಯವರ ಕೈಗೆ ಕೊಡಿ. ಜೋಗುಳ ಹಾಡಿ, ನಡೆದಾಡಿ, ತೊಟ್ಟಿಲು ತೂಗಿ. ಅರ್ಧ ಗಂಟೆಗೊಮ್ಮೆ ಹಾಲು ಕೇಳಿದರೂ ಕೊಡಿ. ಆ ದಿನ ಗಡಿಯಾರ ನೋಡಬೇಡಿ. ನಿಮಗೆ ಸಾಕಾದರೆ ಅಜ್ಜಿಯ ಕೈಗೆ ಕೊಟ್ಟು ಹತ್ತು ನಿಮಿಷ ಹೊರಗೆ ಕೂರಿ. ಎಷ್ಟೇ ರೋಸಿಹೋದರೂ ಯಾರೂ ಮಗುವನ್ನು ಕುಲುಕಿ ಅಲುಗಾಡಿಸಬಾರದು, ಮೆದುಳಿಗೆ ಪೆಟ್ಟಾಗುತ್ತದೆ.

ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಮಗುವಿಗೆ ಕುಲಾವಿ, ಸ್ವೆಟರ್, ಕಾಲುಚೀಲ ಹಾಕಿ ಕಂಬಳಿ ಸುತ್ತುವುದು ನಮ್ಮಲ್ಲಿ ವಾಡಿಕೆ. ಜ್ವರದ ರಾತ್ರಿ ಇದು ನೇರವಾಗಿ ತೊಂದರೆ ಕೊಡುತ್ತದೆ, ಏಕೆಂದರೆ ಇಷ್ಟು ಚಿಕ್ಕ ಮಕ್ಕಳು ಸುತ್ತಿಟ್ಟ ಬಟ್ಟೆಯಿಂದಲೇ ಬಿಸಿಯಾಗುತ್ತಾರೆ. ಒಂದೇ ಪದರ ಹತ್ತಿ ಬಟ್ಟೆಯಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ಥರ್ಮಾಮೀಟರ್ ಇಟ್ಟು ನೋಡಿ. ಹಣೆ ಮುಟ್ಟಿ ಹೇಳುವ ಜ್ವರವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡುವುದು ಸಾಕು.

ಇನ್ನು ಔಷಧಿ. ಡ್ರಾಪ್ಸ್ ಮತ್ತು ಸಿರಪ್ ಒಂದೇ ಅಲ್ಲವೆಂದು ನಿಮಗೆ ಅನುಮಾನ ಬಂದದ್ದು ಒಳ್ಳೆಯದೇ ಆಯಿತು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿಲಿಯಲ್ಲಿ ಸಾಮಾನ್ಯವಾಗಿ 100 ಮಿಗ್ರಾಂ ಔಷಧಿ ಇರುತ್ತದೆ. ಸಿರಪ್ ಎರಡು ಬಗೆ. ಒಂದರಲ್ಲಿ 5 ಮಿಲಿಗೆ 125 ಮಿಗ್ರಾಂ, ಇನ್ನೊಂದರಲ್ಲಿ 5 ಮಿಲಿಗೆ 250 ಮಿಗ್ರಾಂ. ಮಗುವಿಗೆ ಬೇಕಾದದ್ದು ಪ್ರತಿ ಕೆಜಿ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಗ್ರಾಂ. ಮುಂದಿನ ಸೂಜಿಯ ಹೊತ್ತಿಗೆ ನಿಮ್ಮ ಮಗಳು 5 ಕೆಜಿ ಆಗಿದ್ದಾಳೆ ಎಂದಿಟ್ಟುಕೊಳ್ಳಿ, ಆಗ 50ರಿಂದ 75 ಮಿಗ್ರಾಂ. ಡ್ರಾಪ್ಸ್‌ನಲ್ಲಿ ಅದು ಅರ್ಧದಿಂದ ಮುಕ್ಕಾಲು ಮಿಲಿ, 125ರ ಸಿರಪ್‌ನಲ್ಲಿ 2ರಿಂದ 3 ಮಿಲಿ, 250ರ ಸಿರಪ್‌ನಲ್ಲಿ 1ರಿಂದ ಒಂದೂವರೆ ಮಿಲಿ. ಸಿರಪ್ಪಿನ ಅಳತೆಯಲ್ಲಿ ಎರಡೂವರೆ ಮಿಲಿ ಡ್ರಾಪ್ಸ್ ಹಾಕಿದರೆ 250 ಮಿಗ್ರಾಂ ಹೊಟ್ಟೆಗೆ ಹೋಗುತ್ತದೆ, ಬೇಕಾದದ್ದರ ಮೂರರಿಂದ ಐದು ಪಟ್ಟು. ಹಾಗೆಯೇ ಕೊಡುತ್ತಾ ಹೋದರೆ ಲಿವರ್‌ಗೆ ಪೆಟ್ಟು. ಆದ್ದರಿಂದ ಮುಂದಿನ ಸಲ ಬಾಟಲಿಯನ್ನು ಸೂಜಿ ಹಾಕಿಸುವಲ್ಲಿಗೇ ಒಯ್ಯಿರಿ. ಮಗುವಿನ ಆ ದಿನದ ತೂಕಕ್ಕೆ ಎಷ್ಟು ಮಿಲಿ ಎಂದು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಎರಡು ತಿಂಗಳೊಳಗಿನ ಮಗುವಿಗಂತೂ ಕೇಳದೆ ಕೊಡಲೇಬಾರದು. ಅಳತೆಗೆ ಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಫಿಲ್ಲರ್ ಅಥವಾ ಸೂಜಿಯಿಲ್ಲದ ಸಿರಿಂಜ್ ಇರಲಿ.

100.4 ಡಿಗ್ರಿ ದಾಟಿ ಮಗು ಕಿರಿಕಿರಿಪಡುತ್ತಿದ್ದರೆ ಕೊಡಿ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಮೈ ಸ್ವಲ್ಪ ಬಿಸಿಯಿದ್ದರೂ ಹಾಲು ಕುಡಿದು ನೆಮ್ಮದಿಯಾಗಿ ಮಲಗಿರುವ ಮಗುವನ್ನು ಔಷಧಿಗಾಗಿ ಎಬ್ಬಿಸಬೇಕಿಲ್ಲ. ನೀವು ಆ ರಾತ್ರಿ ಕೊಡದಿದ್ದರಿಂದಲೂ ಯಾವ ಹಾನಿಯೂ ಆಗಿಲ್ಲ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್‌ಗಳು ಈ ವಯಸ್ಸಿಗೆ ಅಲ್ಲ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಕೂಡದು.

ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. ಬ್ರಿಟನ್ನಿನಲ್ಲಿ 2015ರಿಂದ ಮೆನಿಂಜೈಟಿಸ್ ಬಿ ಎಂಬ ಲಸಿಕೆಯನ್ನು ಎಳೆ ಮಕ್ಕಳಿಗೆ ಹಾಕುತ್ತಾರೆ. ಅದಕ್ಕೆ ಜ್ವರ ಬರುವುದು ಜಾಸ್ತಿ, ಹಾಗಾಗಿ ಅದರ ಜೊತೆಗೆ ಪ್ಯಾರಾಸಿಟಮಾಲ್ ಕೊಡಿ ಎನ್ನುತ್ತಾರೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಆ ಲಸಿಕೆ ಇಲ್ಲ. ನಮ್ಮ ಮಕ್ಕಳಿಗೆ ಜ್ವರ ಬರುವ ಮೊದಲೇ ಕೊಡುವುದನ್ನು ನಾನು ಒಪ್ಪುವುದಿಲ್ಲ. ಚೆಕ್ ಗಣರಾಜ್ಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮುಂಚಿತವಾಗಿ ಪ್ಯಾರಾಸಿಟಮಾಲ್ ಕೊಟ್ಟ ಮಕ್ಕಳಿಗೆ ಜ್ವರ ಕಡಿಮೆಯಾದರೂ ಕೆಲವು ಲಸಿಕೆಗಳಿಂದ ಬರಬೇಕಾದ ರಕ್ಷಣೆಯ ಪ್ರಮಾಣವೂ ಕಡಿಮೆಯಾಗಿತ್ತು. ಜ್ವರ ಬಂದ ಮೇಲೆ ಕೊಡುವುದು ಬೇರೆ ಮಾತು, ಅದಕ್ಕೆ ಹಿಂಜರಿಯಬೇಡಿ. ಅಂದಹಾಗೆ, ಜ್ವರ ಬಂದರಷ್ಟೇ ಲಸಿಕೆ ಹತ್ತಿತು ಎಂಬ ನಂಬಿಕೆಯೂ ಸರಿಯಲ್ಲ. ಜ್ವರ ಬಾರದ ಮಗುವಿನಲ್ಲೂ ಅದು ತನ್ನ ಕೆಲಸ ಮಾಡಿರುತ್ತದೆ.

ಅಮ್ಮನವರ ಮದ್ದುಗಳ ಬಗ್ಗೆ: ಬಿಸಿ ಶಾಖ ಬೇಡ, ಎಳೆ ಚರ್ಮ ಸುಡುತ್ತದೆ, ಊತವೂ ಹೆಚ್ಚುತ್ತದೆ. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ವಿಷಕಾರಿ ಎಂದು ಕಂಡದ್ದರಿಂದ ಅಮೆರಿಕದಲ್ಲಿ ಅದನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಿದರು. ತಲೆತಲಾಂತರದಿಂದ ನೆಕ್ಕಿಸಿಕೊಂಡು ಬಂದಿದ್ದೇವೆ ಎಂದು ಅವರು ಹೇಳಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಏನೂ ಬೇಡವೆಂದು ಡಾಕ್ಟರು ಹೇಳಿದ್ದಾರೆ ಎಂದು ಭಾರವನ್ನು ನನ್ನ ಮೇಲೆ ಹಾಕಿಬಿಡಿ. ಜೇನುತುಪ್ಪ ಒಂದು ವರ್ಷದವರೆಗೂ ಅಪಾಯ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಶಿಶುವಿನ ಹೊಟ್ಟೆಯಲ್ಲಿ ಮೊಳೆತು ನರಗಳನ್ನು ದುರ್ಬಲಗೊಳಿಸುವ ವಿಷ ಬಿಡುತ್ತವೆ. ಗ್ರೈಪ್ ವಾಟರ್ ಕೂಡ ಬೇಕಿಲ್ಲ. ದೃಷ್ಟಿ ತೆಗೆಯುತ್ತಾರೆಯೇ, ತೆಗೆಯಲಿ. ಮಗುವಿನ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಮಾತ್ರ ತುಂಬಬೇಡಿ.

ಪಕ್ಕದ ಮನೆಯವರು ಹೇಳಿದ ನೋವಿಲ್ಲದ ಇಂಜೆಕ್ಷನ್ ಎಂಬ ಹೆಸರೇ ಅರ್ಧ ಸುಳ್ಳು, ಚುಚ್ಚಿದರೆ ಅಷ್ಟೇ ನೋವು. ಅದರಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸದೆ ಅದರ ಕೆಲವು ತುಣುಕುಗಳನ್ನಷ್ಟೇ ಹಾಕಿರುತ್ತಾರೆ. ಹಾಗಾಗಿ ಜ್ವರ, ಊತ, ಅಳು ಕಡಿಮೆ. ಇದು ನಿಜವಾದ ಅನುಕೂಲವೇ. ಆದರೆ ಇದರ ರಕ್ಷಣೆ ಬೇಗ ಇಳಿಯುತ್ತದೆ. ಅಮೆರಿಕ ತೊಂಬತ್ತರ ದಶಕದಲ್ಲಿ ಪೂರ್ತಿ ಈ ಬಗೆಯ ಲಸಿಕೆಗೆ ಬದಲಾಯಿತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ದೊಡ್ಡದಾಗಿ ಹಬ್ಬಿ ಎಳೆಗೂಸುಗಳು ಸತ್ತಾಗ, ಲಸಿಕೆಯ ಬಲ ಬೇಗ ಕುಂದುವುದೂ ಒಂದು ಕಾರಣವೆಂದು ತಿಳಿದುಬಂತು. ಇಲ್ಲಿ ಅದಕ್ಕೆ ಪ್ರತಿ ಸಲ ಸಾವಿರಾರು ರೂಪಾಯಿ ಕೊಡಬೇಕು. ದುಡ್ಡಿರುವವರು ಹಾಕಿಸಿದರೆ ತಪ್ಪು ಎನ್ನಲಾರೆ. ಸಾಲ ಮಾಡಿ ಹಾಕಿಸುವಂಥದ್ದೂ ಅಲ್ಲ. ಅಂಗನವಾಡಿಯ ಸೂಜಿ ಕಡಿಮೆ ದರ್ಜೆಯದೆಂಬ ಭಾವನೆಯಿಂದ ಬದಲಾಯಿಸುವುದಾದರೆ, ಆ ಭಾವನೆಯೇ ತಪ್ಪು.

ಕೆಲವು ಲಕ್ಷಣಗಳಿಗೆ ಮಾತ್ರ ಮನೆಯಲ್ಲಿ ಕಾಯಬಾರದು. ಮಗು ಬಿಳಿಚಿಕೊಂಡು, ಮೈ ಸಡಿಲವಾಗಿ, ಕರೆದರೆ ಸ್ಪಂದಿಸದಿದ್ದರೆ, ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿದರೆ, ಎರಡು ಮೂರು ಸಲ ಎದೆಗೆ ಹಾಕಿದರೂ ಹಾಲು ಹಿಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ. ಜ್ವರ 102 ದಾಟಿದರೂ ತೋರಿಸಿ. ಲಸಿಕೆಯ ಜ್ವರ ಮೊದಲ ದಿನ ಬಂದು ಎರಡು ದಿನದೊಳಗೆ ಹೋಗಬೇಕು. ಮೂರನೆಯ ದಿನವೂ ಇದ್ದರೆ, ಅಥವಾ ಹೊಸದಾಗಿ ಆಗ ಶುರುವಾದರೆ, ಸೂಜಿಯದು ಎಂದುಕೊಂಡು ಕೂರಬೇಡಿ. ಮೂರು ತಿಂಗಳೊಳಗಿನ ಮಗುವಿನ ಜ್ವರಕ್ಕೆ ಬೇರೆ ಸೋಂಕು ಕಾರಣವಾಗಿರಬಹುದು. ಅಳುವಿನಲ್ಲೂ ಒಂದು ಬಗೆಯನ್ನು ಗುರುತಿಟ್ಟುಕೊಳ್ಳಿ. ಕಾಲು ಹೊಟ್ಟೆಗೆ ಮಡಚಿ ಚೀರಿ ಅತ್ತು, ಸ್ವಲ್ಪ ಹೊತ್ತು ಸುಸ್ತಾಗಿ ಬಿದ್ದುಕೊಂಡು, ಮತ್ತೆ ಹಾಗೆಯೇ ಅತ್ತರೆ, ಜೊತೆಗೆ ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ ಕರುಳಿನೊಳಗೆ ಕರುಳು ಸಿಕ್ಕಿಕೊಂಡಿರಬಹುದು. ರೋಟಾ ಲಸಿಕೆಯ ಬಳಿಕ ಇದು ತೀರಾ ಅಪರೂಪಕ್ಕೆ ಆಗಬಹುದು, ಲಸಿಕೆಯಿಲ್ಲದೆಯೂ ಆಗುತ್ತದೆ. ಯಾವುದೇ ಆದರೂ ಅಂದೇ ಮಕ್ಕಳ ತಜ್ಞರಿಗೆ ತೋರಿಸಿ, ಆಶಾ ಕಾರ್ಯಕರ್ತೆಗೂ ತಿಳಿಸಿ, ಅವರು ವರದಿ ಮಾಡಬೇಕಾಗುತ್ತದೆ.

ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಆದರೆ ಎರಡು ಗಂಟೆಯ ಅಳು ಮತ್ತು 101 ಡಿಗ್ರಿ ಜ್ವರ ಮುಂದಿನ ಸೂಜಿ ತಪ್ಪಿಸಲು ಕಾರಣವಲ್ಲ. ಹಿಂದಿನ ಸೂಜಿಗೆ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ಏಳು ದಿನದೊಳಗೆ ಪ್ರಜ್ಞೆ ತಪ್ಪುವಂಥ ಮೆದುಳಿನ ತೊಂದರೆ ಕಂಡಿದ್ದರೆ ಮಾತ್ರ ಪೆಂಟಾ ಮತ್ತೆ ಹಾಕುವುದಿಲ್ಲ. ನಾಯಿಕೆಮ್ಮಿಗೆ ಸಾಯುವ ಮಕ್ಕಳಲ್ಲಿ ಹೆಚ್ಚಿನವರು ಆರು ತಿಂಗಳೊಳಗಿನವರು. ಒಂದು ಡೋಸ್ ಹಾಕಿಸಿ ನಿಲ್ಲಿಸಿದರೆ ಆ ಅವಧಿಯಲ್ಲೇ ಮಗು ಅರೆ ರಕ್ಷಣೆಯಲ್ಲಿ ಉಳಿದಂತಾಗುತ್ತದೆ.

ನಿಮ್ಮ ಮಗಳ ಮುಂದಿನ ಸರದಿ ಹತ್ತು ವಾರಕ್ಕೆ. ಆಗ ತೊಡೆಗೆ ಪೆಂಟಾ ಒಂದೇ ಸೂಜಿ, ಉಳಿದದ್ದು ಪೋಲಿಯೊ ಮತ್ತು ರೋಟಾ ಹನಿ. ಮೂರು ಸೂಜಿಯ ದಿನ ಮತ್ತೆ ಬರುವುದು ಹದಿನಾಲ್ಕು ವಾರಕ್ಕೆ. ನೆಗಡಿ, ಸಣ್ಣ ಕೆಮ್ಮು ಇದ್ದರೂ ಹಾಕಿಸಬಹುದು. ಊರಿನ ಹಬ್ಬವೋ ಮದುವೆಯೋ ಬಂದು ಒಂದು ವಾರ ತಡವಾದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನೀವು ಹೋದ ದಿನವೇ ಮುಂದುವರಿಸುತ್ತಾರೆ. ಅಷ್ಟರಲ್ಲಿ ನೀವು ಗಂಡನ ಮನೆಗೆ ಹೋಗುವುದಿದ್ದರೆ ತಾಯಿ ಕಾರ್ಡ್ ಮರೆಯದೆ ಒಯ್ಯಿರಿ, ಯಾವ ಊರಿನ ಅಂಗನವಾಡಿಯಲ್ಲಾದರೂ ಅದನ್ನು ತೋರಿಸಿ ಹಾಕಿಸಬಹುದು. ಎಡತೊಡೆಯ ಗಂಟು ಆಗಲೂ ಕೈಗೆ ಸಿಗುತ್ತಿದ್ದರೆ ಸಿಸ್ಟರ್‌ಗೆ ತೋರಿಸಿ, ಆ ಜಾಗ ಬಿಟ್ಟು ಸೂಜಿ ಹಾಕುತ್ತಾರೆ.